ರಾಯರ ವಿಮೆ, ಊರೆಲ್ಲರ ಸಲಹೆ

ಪೀಣ್ಯದ ಕಾರ್ಖಾನೆಯಲ್ಲಿ ನಿವೃತ್ತರಾಗುವವರಿಗೆ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಸಿಗುತ್ತವೆ. ಕಂಪನಿ ಕಟ್ಟುತ್ತಿದ್ದ ಗುಂಪು ವಿಮೆಯೂ ಅವತ್ತೇ ಮನೆಗೆ ಹೋಯಿತೆಂದು ಮಾತ್ರ ಯಾವ ಭಾಷಣಕಾರನೂ ಹೇಳುವುದಿಲ್ಲ. ಜಯನಗರದ ರಾಯರಿಗೂ ಯಾರೂ ಹೇಳಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ, ಎದುರುಮನೆಯವರ ಸ್ಟೆಂಟ್ ಬಿಲ್ಲು ಕಣ್ಣಾರೆ ಕಂಡ ಮೇಲೆ ಅದು ಅವರಿಗೆ ತಾನಾಗಿ ಹೊಳೆಯಿತು.

ಹೊಳೆದದ್ದನ್ನು ಅವರು ಮಾಧವನ್ ಪಾರ್ಕಿನ ಬೆಂಚಿನ ಮೇಲೆ ಬಾಯಿಬಿಟ್ಟು ಹೇಳಿದರು. ಸಲಹೆಗೆ ಬರವೇ?

"ಅರವತ್ತೈದು ದಾಟಿದವರಿಗೆ ಯಾರೂ ಪಾಲಿಸಿ ಕೊಡಲ್ಲ ರಾಯರೇ" ಎಂದರು ಒಬ್ಬರು. ಅದು ಹಳೆಯ ಸುದ್ದಿ. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ನಿಯಮ ಬದಲಿಸಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿಯನ್ನೂ ನಾಲ್ಕು ವರ್ಷದಿಂದ ಗರಿಷ್ಠ ಮೂರಕ್ಕೆ ಇಳಿಸಿದೆ. ಇನ್ನೊಬ್ಬರದು ವೇದಾಂತ: "ಎಪ್ಪತ್ತು ಆಗಲಿ ಬಿಡಿ, ಸರ್ಕಾರವೇ ನೋಡಿಕೊಳ್ಳುತ್ತೆ." ಆದಾಯ ಎಷ್ಟೇ ಇರಲಿ, ಎಪ್ಪತ್ತು ತುಂಬಿದವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದದ್ದು ನಿಜ. ನಮ್ಮ ಊರಿನ ಯಾವ ಆಸ್ಪತ್ರೆ ಆ ಕಾರ್ಡನ್ನು ಒಪ್ಪುತ್ತದೆಂದು ವಿಚಾರಿಸಿಕೊಂಡೇ ಹೋಗಬೇಕು ಅನ್ನುವುದೂ ಅಷ್ಟೇ ನಿಜ. ರಾಯರು ಇದನ್ನು ಮನೆಯಲ್ಲಿ ವರದಿ ಮಾಡಿದರು. "ಸರಿ ರೀ, ಇನ್ನೆರಡು ವರ್ಷ ಬರಬೇಡ ಅಂತ ಹಾರ್ಟ್ ಅಟ್ಯಾಕಿಗೆ ಯಾರು ಹೇಳಿ ಕಳಿಸ್ತಾರೆ?" ಎಂದು ಹೆಂಡತಿ ಹುರುಳಿ ಆರಿಸುತ್ತಲೇ ಕೇಳಿದರು.

ನ್ಯೂಜೆರ್ಸಿಯ ಮಗ ಎಕ್ಸೆಲ್ ಹಾಳೆ ಕಳಿಸಿದ. ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಪಾಲಿಸಿಗಳು ಹೋಳಿ ಆಡುತ್ತಿದ್ದವು. ಅಪ್ಪನ ಶುಗರ್‌ಗೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

ಏಜೆಂಟನಿಗೆ ಅಪ್ಪನ ಶುಗರ್ ಗೊತ್ತಿತ್ತು. ಅದಕ್ಕೇ ಅವನು ದನಿ ತಗ್ಗಿಸಿ, "ಅದನ್ನ ಬರೀಬೇಡಿ ಸಾರ್, ಪ್ರೀಮಿಯಂ ಏರುತ್ತೆ. ಹೇಗೂ ಈಗ ಜಿಎಸ್‌ಟಿ ಇಲ್ಲ" ಎಂದ. ಎರಡನೆಯ ಮಾತು ಸತ್ಯ: ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ಆಷಾಢದ ರಿಯಾಯಿತಿ ಕಂಡ ಸೀರೆ ಗಿರಾಕಿಯಂತೆ ರಾಯರ ಮುಖ ಅರಳಿತು. ಮೊದಲನೆಯ ಮಾತಿನ ಬೆಲೆ ಏನೆಂದು ಅವರಿಗೆ ತಿಳಿಸಿದ್ದು ಮೇಲಿನ ಮನೆಯ ಹುಡುಗಿ.

ಆಕೆ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು. ವಿಮೆ ಮಾರುವವರಿಗಿಂತ, ವಿಮೆ ಕೈಕೊಡುವುದನ್ನು ದಿನಾ ನೋಡುವವರನ್ನು ಕೇಳುವುದು ಮೇಲು ಎಂದು ಈ ಲೇಖಕನ ಅಭಿಪ್ರಾಯ. ಪ್ರೀಮಿಯಂ ಎಷ್ಟೆಂದು ಅವಳು ವಿಚಾರಿಸಲೇ ಇಲ್ಲ. "ಅಂಕಲ್, ಅಡ್ಮಿಟ್ ಆದ್ರೆ ಯಾವ ರೂಮ್ ತಗೋತೀರ?" ಎಂದಳು.

"ಸಿಂಗಲ್ಲೇ ಕಣಮ್ಮ. ಪಕ್ಕದ ಮಂಚದವನು ಗೊರಕೆ ಹೊಡೆದರೆ ಇವರಿಗೆ ಆಗಲ್ಲ" ಎಂದರು ಹೆಂಡತಿ, ನಲವತ್ತು ವರ್ಷ ಗೊರಕೆ ಕೇಳಿದ ಅಧಿಕಾರದಿಂದ.

ಹುಡುಗಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಳು. ಪಾಲಿಸಿಯಲ್ಲಿ ರೂಮಿನ ಮಿತಿ ದಿನಕ್ಕೆ 5,000 ರೂಪಾಯಿ, ರಾಯರು ಮಲಗಿದ್ದು 10,000ದ ರೂಮಿನಲ್ಲಿ ಎಂದಿಟ್ಟುಕೊಳ್ಳಿ. ರೂಮಿನ ವ್ಯತ್ಯಾಸ ಕೊಟ್ಟು ಕೈತೊಳೆದುಕೊಳ್ಳಲು ಆಗುವುದಿಲ್ಲ. ಸರ್ಜನ್ನರ ಫೀಸು, ಆಪರೇಷನ್ ಥಿಯೇಟರ್ ಬಾಡಿಗೆಗಳಲ್ಲೂ ಕಂಪನಿ ಅರ್ಧವನ್ನೇ ಕೊಡಬಹುದು. ಆ ಬಾಬ್ತು 2 ಲಕ್ಷವಾದರೆ 1 ಲಕ್ಷ ರಾಯರದೇ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕತ್ತರಿ ತಾಗುವುದಿಲ್ಲ ಎಂಬುದಷ್ಟೇ ಸಮಾಧಾನ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಲೆಂದು 2020ರಲ್ಲಿ ಬಂದ 'ಆರೋಗ್ಯ ಸಂಜೀವಿನಿ'ಯಲ್ಲೂ ರೂಮಿಗೆ ಇಂಥದೇ ಮಿತಿ, ಪ್ರತಿ ಕ್ಲೇಮಿನಲ್ಲಿ ಶೇ. 5 ನಮ್ಮ ಪಾಲು, ಒಂದು ಕಣ್ಣಿನ ಪೊರೆಗೆ ಹೆಚ್ಚೆಂದರೆ 40,000. ತಮ್ಮ ಎರಡು ಕಣ್ಣಿಗೆ ಎಷ್ಟೆಂದು ಹೆಂಡತಿ ಮನಸ್ಸಿನಲ್ಲೇ ಗುಣಿಸಿದ್ದು ಮುಖದಲ್ಲಿ ಕಂಡಿತು.

"ಮತ್ತೆ ಶುಗರ್?"

"ಬರೀಲೇಬೇಕು ಅಂಕಲ್. ಮುಚ್ಚಿಟ್ಟಿದ್ರಿ ಅಂತ ಗೊತ್ತಾದ್ರೆ ಕ್ಲೇಮೇ ತಿರಸ್ಕಾರ." ಐದು ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ಮೋಸ ಸಾಬೀತಾದರೆ ಮಾತ್ರ ಕಂಪನಿ ಹಳೆಯ ಕಡತ ಕೆದಕಬಹುದು. ಅದಕ್ಕೂ ಮುಂಚೆ ಮಲಗಿದರೆ ಕಷ್ಟ. ಅನ್ಯಾಯವಾದರೆ ಮೊದಲು ಕಂಪನಿಗೆ ದೂರು, ಅಲ್ಲಿ ಬಗೆಹರಿಯದಿದ್ದರೆ ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಡ.

ಹಾಗೆ ಅರ್ಜಿ ತುಂಬುವ ಸಂಜೆ ಬಂತು. ರಾಯರು "ಬಾರ್ಡರ್ ಶುಗರ್" ಎಂದು ಶುರುಮಾಡಿದರು. ಹೆಂಡತಿ ತಿದ್ದಿದರು. ಶುಗರ್, ಬಿಪಿ, ಹದಿನೇಳರಲ್ಲಿ ತೆಗೆಸಿದ ಹರ್ನಿಯಾ, ಯಾರಿಗೂ ಹೇಳದ ಮೂಲವ್ಯಾಧಿ, ಎಲ್ಲವನ್ನೂ ಸಹಸ್ರನಾಮದ ಲಯದಲ್ಲಿ ಒಪ್ಪಿಸಿದರು. ಮೇಲಿನ ಮನೆಯ ಹುಡುಗಿ ನಗು ತಡೆದುಕೊಂಡು ಬರೆದುಕೊಂಡಳು.

ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದರಿಂದ ರಾಯರ ಊರಿನ ಹೆಸರೇ ಮೊದಲಿತ್ತು. ವಾರದೊಳಗೆ ಕಂಪನಿಯ ವೈದ್ಯೆ ಗುರ್‌ಗಾಂವ್‌ನಿಂದ ಫೋನ್ ಮಾಡಿ ಇಂಗ್ಲಿಷಿನಲ್ಲಿ ಕೇಳಿದಳು: "ಮಿಸ್ಟರ್ ಹೊಳೆನರಸೀಪುರ, ನಿಮಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?"

ರಾಯರು ಹೆಂಡತಿಯ ಮುಖ ನೋಡಿದರು. ಆಮೇಲೆ ಇಡೀ ತಾಲ್ಲೂಕಿನ ಪರವಾಗಿ ಒಪ್ಪಿಕೊಂಡರು: "ಹನ್ನೊಂದು."