ಕಂಬಂ ಬಂದರು: ಒಂದು ನಿರ್ವಿವಾದ ಸಂಶೋಧನೆ

ಈಜಿಪ್ಟಿನ ಅಲೆಕ್ಸಾಂಡ್ರಿಯಾ ನೋಡಹೊರಟವರು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂಗೆ ಹೋದರೆ ಸಾಕು, ವಿಮಾನದ ಖರ್ಚು ಉಳಿಯುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಸಂಶೋಧನೆಗೆ ಮೂಲಪುರುಷರು ನಮ್ಮ ಕಂಬಂ ಮಾವ. ಆ ಕಣಿವೆಯ ಕಪ್ಪಿಲಿಯ ಒಕ್ಕಲಿಗರು; ಮನೆಯಲ್ಲಿ ಕನ್ನಡ ಆಡಿ, ಪೇಪರನ್ನು ತಮಿಳಿನಲ್ಲಿ ಓದುವವರು. ಟೂರಿನವರ ಜೊತೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಬಂದವರನ್ನು "ಏನೇನು ನೋಡಿದ್ರಿ ಮಾವ?" ಎಂದು ಕೇಳಿದೆ. "ಇಲ್ಲಿ ಅದಿತ್ತು, ಅಲ್ಲಿ ಇದಿತ್ತು ಅಂತ ತೋರಿಸಿದರು" ಎಂದರು.

ಮಾವನದು ಆಪ್ತವಾಕ್ಯ. ಜಗತ್ತಿನ ಏಳು ಅದ್ಭುತಗಳಲ್ಲೊಂದಾದ ಫಾರೋಸ್ ದೀಪಸ್ತಂಭ ಅಲ್ಲಿಲ್ಲ. ಅದರ ಜಾಗದಲ್ಲಿ 1477ರ ಕೈತ್‌ಬೇ ಕೋಟೆ ಇದೆ. ಪ್ರಾಚೀನ ಗ್ರಂಥಾಲಯ ಇಲ್ಲ. 2002ರಲ್ಲಿ ತೆರೆದ ಹೊಸದೊಂದಿದೆ. ಪ್ರವಾಸಿ ಇಬ್ನ್ ಬತೂತ 1326ರಲ್ಲಿ ಹೋದಾಗ ದೀಪಸ್ತಂಭದ ಒಂದು ಮಗ್ಗುಲಷ್ಟೇ ಕುಸಿದಿತ್ತು, 1349ರಲ್ಲಿ ಬಾಗಿಲ ತನಕ ಹೋಗಲೂ ಆಗಲಿಲ್ಲ. ನಡುವೆ ಆತ ನಮ್ಮ ಮಧುರೆಗೆ ಬಂದುಹೋಗಿದ್ದ. ಮಧುರೆ ನೋಡಿದ ಕಣ್ಣಿಗೆ ಬೇರೆ ಯಾವ ಅದ್ಭುತ ನಿಂತೀತು?

ಉಳಿದಿರುವುದು ಒಂದು ಕಂಬ. ಕೆಂಪು ಗ್ರಾನೈಟಿನದು, ಪೀಠ ಬೋದಿಗೆ ಸೇರಿ ಸುಮಾರು 27 ಮೀಟರ್ ಎತ್ತರ. ಪಾಂಪಿಯ ಕಂಬ ಎನ್ನುತ್ತಾರೆ. ರೋಮಿನ ಸೇನಾಪತಿ ಪಾಂಪಿಗೂ ಅದಕ್ಕೂ ಸಂಬಂಧವಿಲ್ಲ, ಅದು ಕ್ರಿ.ಶ. 300ರ ಹೊತ್ತಿಗೆ ಡಯೋಕ್ಲೀಷಿಯನ್ ಚಕ್ರವರ್ತಿಯ ಗೌರವಕ್ಕೆ ನಿಲ್ಲಿಸಿದ್ದು. ಅಲ್ಲಿ ಹೆಸರು ತಪ್ಪಿದ ಕಂಬ, ಇಲ್ಲಿ ಕಂಬವೆಂದೇ ಹೆಸರಿರುವ ಊರು. ಗಂಟು ಹಾಕದೆ ಬಿಟ್ಟರೆ ವಿದ್ವತ್ತು ಯಾತಕ್ಕೆ?

ಈಗ ಪೂರ್ವಪಕ್ಷ. ಕಂಬಂಗೆ ಸಮುದ್ರವೇ ಇಲ್ಲ, ಬಂದರು ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಮೊದಲನೆಯದಾಗಿ, ಶಬ್ದಾರ್ಥ ನೋಡಿ: ಜನ ಎಲ್ಲಿಗೆ ಬಂದರೋ ಅದು ಬಂದರು. ಕಪ್ಪಿಲಿಯರು ತುಂಗಭದ್ರೆಯ ಕಡೆಯಿಂದ ಬಂದರು ಎಂದು ಅವರ ಹಿರಿಯರೇ ಹೇಳುತ್ತಾರೆ. ವಿಷಯ ಇಲ್ಲಿಗೇ ಮುಗಿಯಬೇಕಿತ್ತು. ಒಪ್ಪದವರಿಗಾಗಿ ಭೂಗೋಳ. ಪೆರಿಯಾರ್ ನದಿಯ ಮುಖದಲ್ಲಿ ಮುಜಿರಿಸ್ ಬಂದರಿತ್ತು. ಅಲ್ಲಿಂದ ಹರ್ಮಪೊಲೋನ್ ಎಂಬ ಹಡಗು ಸರಕು ಹೊತ್ತು ಹೊರಟದ್ದು ಎರಡನೆಯ ಶತಮಾನದ ಪಪೈರಸ್ ಪತ್ರವೊಂದರಲ್ಲಿದೆ. ಸರಕು ಕೆಂಪು ಸಮುದ್ರದಲ್ಲಿ ಇಳಿದು, ಒಂಟೆ ಏರಿ, ನೈಲ್ ನದಿಯಲ್ಲಿ ತೇಲಿ ಅಲೆಕ್ಸಾಂಡ್ರಿಯಾ ಸೇರಬೇಕು; ಅಲ್ಲಿ ಕಾಲು ಪಾಲು ಸುಂಕ. ಅದೇ ಪೆರಿಯಾರ್ ನೀರನ್ನು 1895ರಲ್ಲಿ ಪೆನ್ನಿಕ್ವಿಕ್ ಸಾಹೇಬರು ಅಣೆಕಟ್ಟಿ, ಬೆಟ್ಟಕ್ಕೆ ಸುರಂಗ ಕೊರೆದು, ಕಂಬಂ ಕಣಿವೆಗೆ ತಿರುಗಿಸಿದರು. ಪುಣ್ಯಾತ್ಮರಿಗೆ ಲೋವರ್ ಕ್ಯಾಂಪಿನಲ್ಲಿ ಸ್ಮಾರಕವಿದೆ. ಹಸು ಬಂದ ಮೇಲೆ ಕರು ಹಿಂದೆ ಉಳಿದೀತೆ? ನದಿಯ ಹಿಂದೆಯೇ ಬಂದರೂ ಬಂತು. ಗೋದಾಮಿಗೆ ಬೋಡಿಯ ಏಲಕ್ಕಿ ಇದೆ, ಬಾಗಿಲಿಗೆ ದಿಂಡಿಗಲ್ ಬೀಗ ಇದೆ. ಸುಂಕದವರೊಬ್ಬರು ಕಡಿಮೆ.

ಅದೇ 1895ರಲ್ಲಿ ಪಾಂಪಿಯ ಕಂಬದ ಬಳಿ ಕರಿಕಲ್ಲಿನ ಹೋರಿಯೊಂದು ಸಿಕ್ಕಿತು. ಈಜಿಪ್ಟಿನವರು ಪೂಜಿಸುತ್ತಿದ್ದ ಆಪಿಸ್ ಹೋರಿ! ಕಂಬಂನ ಒಕ್ಕಲಿಗರಿಗೂ ದೇವರ ದನದ ಹಿಂಡಿದೆ. ಗುಂಪಿನ ಮುಂದೆ ಕಬ್ಬಿಟ್ಟಾಗ ಬಾಯಿ ಹಾಕಿದ ಹೋರಿಗೇ ಪಟ್ಟ ಎಂದು ಬ್ರಿಟಿಷ್ ಜನಾಂಗತಜ್ಞ ಥರ್ಸ್ಟನ್ ಬರೆದಿದ್ದಾನೆ. ಆಪಿಸನ್ನು ಪುರೋಹಿತರು ಮೈಮೇಲಿನ ಮಚ್ಚೆ ನೋಡಿ ಆರಿಸುತ್ತಿದ್ದರು. ಹೋರಿಯ ಅಭಿಪ್ರಾಯ ಕೇಳುವ ಪದ್ಧತಿ ನಮ್ಮಲ್ಲಿ ಮಾತ್ರ.

ಕೊನೆಯ ಸಾಕ್ಷ್ಯ ದ್ರಾಕ್ಷಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ರಾಜ, ಅವನ ಪರಿವಾರ ಬರುತ್ತಾರೆ. ಅವರಾಡುವುದು ಕನ್ನಡ ಎಂದು 1904ರಲ್ಲಿ ವಿದ್ವಾಂಸ ಹುಲ್ಷ್ ಸೂಚಿಸಿದ. ಶಾಮಶಾಸ್ತ್ರಿ, ಗೋವಿಂದ ಪೈ ಮುಂದುವರಿಸಿದರು. ಎಲ್ಲರೂ ಒಪ್ಪಿಲ್ಲ, ಒಪ್ಪದವರನ್ನು ಈ ಪ್ರಬಂಧಕ್ಕೆ ಕರೆದಿಲ್ಲ. ಆ ಪ್ರಹಸನದಲ್ಲಿ ಗ್ರೀಕರು ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ನಮ್ಮವರನ್ನು ಮಲಗಿಸಿ, ಸೆರೆಯಲ್ಲಿದ್ದ ತಮ್ಮ ಹುಡುಗಿಯನ್ನು ಹಡಗು ಹತ್ತಿಸಿಕೊಂಡು ಹೋದರು. ಆ ಅವಮಾನಕ್ಕೆ ಸೇಡು ಕಂಬಂನಲ್ಲಿ ತೀರಿತು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿನ ಪನ್ನೀರ್ ದ್ರಾಕ್ಷಿ ಮಸ್ಕಟ್ ಹ್ಯಾಂಬರ್ಗ್ ತಳಿ; ಅದರ ಹೆತ್ತವರಲ್ಲಿ ಒಂದು ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ. ಅದನ್ನು ತಂದದ್ದು ಒಬ್ಬ ಫ್ರೆಂಚ್ ಪಾದ್ರಿ ಎನ್ನುತ್ತಾರೆ. ಅಲೆಕ್ಸಾಂಡ್ರಿಯಾದ ಸಂತಾನ ಇಂದು ಚಪ್ಪರ ಹಬ್ಬಿ, ಪೆರಿಯಾರ್ ನೀರು ಕುಡಿದು, ವರ್ಷವಿಡೀ ನಮ್ಮವರಿಗೆ ಗೊನೆ ಕೊಡುತ್ತಿದೆ. ರಸ್ತೆ ಬದಿಯಲ್ಲಿ ತೂಗಿ ಕೊಡುವವರು ಪೂರ್ತಿ ಎಚ್ಚರದಲ್ಲಿರುತ್ತಾರೆ.

ಇಷ್ಟನ್ನೂ ಮಾವನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿ, "ಎಲ್ಲಾ ಸರಿ. ಸಮುದ್ರ ಮಾತ್ರ ಅಲ್ಲಿ ಭಾಳ ಚೆನ್ನಾಗಿತ್ತಪ್ಪ" ಎಂದರು. ಆ ಸಾಕ್ಷ್ಯವನ್ನು ಪ್ರಬಂಧದಿಂದ ಕೈಬಿಟ್ಟಿದ್ದೇನೆ.