ಕಾಫಿ ಬಿಯರಿನಲ್ಲಿ ಡಬ್ಬು ಮೆಣಸಿನಕಾಯಿ

ಹಾರೂಗೇರಿಯಲ್ಲಿ ಕೂತು ಕಾಫಿ ಬಿಯರಿನ ರುಚಿಯ ಬಗ್ಗೆ ಬರೆಯಲು ಏನೇನು ಅರ್ಹತೆ ಬೇಕೋ ಅದರಲ್ಲಿ ಒಂದೂ ನನಗಿಲ್ಲ. ಮೊದಲನೆಯದಾಗಿ ಇದು ಚಹಾದ ಸೀಮೆ. ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡ, ನಿಪ್ಪಾಣಿ ಎಲ್ಲಿ ಬಸ್ಸಿಳಿದರೂ "ಬರ್ರಿ, ಚಾ ಕುಡಿಯೂಣು" ಎನ್ನುತ್ತಾರೆ. ಕಾಫಿ ಕೇಳಿದವನನ್ನು ಮೈಯಲ್ಲಿ ಆರಾಮಿಲ್ಲವೇನೋ ಎಂಬಂತೆ ನೋಡುತ್ತಾರೆ. ಎರಡನೆಯದು ಬಿಯರಿನ ಮಾತು. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ಆದ್ದರಿಂದ ಆ ಬಾಬತ್ತಿನಲ್ಲಿ ನಾನು ಕುಡಿದವನೋ ಕುಡಿಯದವನೋ ಎಂಬುದನ್ನು ಇಲ್ಲಿ ಹೇಳುವ ಹಾಗಿಲ್ಲ. ಆದರೆ ವಾದ ಮಾಡಲು ನಾಲಗೆ ಇದ್ದರೆ ಸಾಕು, ಅದು ಒದ್ದೆಯಾಗಿರಲೇಬೇಕೆಂಬ ನಿಯಮವೇನಿಲ್ಲ. ನನ್ನ ವಾದ ಇಷ್ಟೇ: ಕಾಫಿ ಬಿಯರಿನೊಳಗಿನ ಕಾಫಿಯ ರುಚಿ ಬಹುಪಾಲು ಗ್ಲಾಸಿನಲ್ಲಿ ಇರುವುದಿಲ್ಲ, ಗೋಡೆಗೆ ತೂಗುಹಾಕಿದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಕುಡಿಯುವವನು ಮೊದಲು ಹಲಗೆಯನ್ನು ಕುಡಿಯುತ್ತಾನೆ, ಆಮೇಲೆ ಬಿಯರನ್ನು ಓದುತ್ತಾನೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಬೆಂಗಳೂರಿಗೆ ಬಿಯರ್ ಹೊಸದಲ್ಲ. ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಆದದ್ದೇ 1915ರಲ್ಲಿ. ಆದರೆ ಕಣ್ಣೆದುರಿಗೇ ಕುದಿಸಿ, ಹುಳಿಬರಿಸಿ, ಕಣ್ಣೆದುರಿಗೇ ಸುರಿದುಕೊಡುವ ಮೈಕ್ರೋಬ್ರೂವರಿ ಎಂಬ ಪಂಥ ಬೆಳೆದದ್ದು 2010ರಿಂದೀಚೆಗೆ, ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದ ಆಸುಪಾಸಿನಿಂದ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವ ರಾಜ್ಯದ ರಾಜಧಾನಿಯಲ್ಲಿ ಇಂಥ ಪಂಥ ಹುಟ್ಟಿದ ಮೇಲೆ ಕಾಫಿ ಬೀಜ ಬಿಯರಿನ ಹಂಡೆಯೊಳಗೆ ಬೀಳುವುದು ತಿಥಿ ವಾರ ನೋಡುವಷ್ಟೇ ತಡ. ಅಮೆರಿಕದ ಸಿಯಾಟಲ್‌ನಲ್ಲಿ ರೆಡ್‌ಹುಕ್ ಎಂಬ ಬ್ರೂವರಿ ಸ್ಟಾರ್‌ಬಕ್ಸ್ ಕಾಫಿ ಹಾಕಿ ಕಪ್ಪು ಸ್ಟೌಟ್ ಮಾಡಿದ್ದು 1995ರಲ್ಲಿ. ಡೆನ್ಮಾರ್ಕಿನ ಮಿಕೆಲ್ಲರ್ ಅಲ್ಲಿಗೂ ನಿಲ್ಲದೆ ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿಯನ್ನೂ ಬಿಯರಿಗೆ ಹಾಕಿತು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ, ಓದುಗರು ಚಹಾ ಕುಡಿಯುತ್ತಿರಬಹುದು.

ಈಗ ಸಾಕ್ಷ್ಯ. ಕಪ್ಪು ಬಿಯರಿಗೆ, ಅಂದರೆ ಸ್ಟೌಟಿಗೆ, ಕಪ್ಪು ಬಣ್ಣ ಬರುವುದು ಕಾಫಿಯಿಂದಲ್ಲ. ಜವೆಗೋಧಿಯನ್ನು 200 ಡಿಗ್ರಿ ದಾಟುವ ತನಕ ಹುರಿಯುತ್ತಾರೆ, ಕಾಫಿ ಬೀಜವನ್ನೂ ಹೆಚ್ಚುಕಡಿಮೆ ಅಷ್ಟೇ ಶಾಖಕ್ಕೆ ಹುರಿಯುತ್ತಾರೆ. ಹುರಿಯುವಾಗ ಕಾಳಿನೊಳಗಿನ ಸಕ್ಕರೆಗೂ ಪ್ರೋಟೀನಿಗೂ ನಡೆಯುವ ಸರಸವನ್ನು ಲೂಯಿ ಕಮಿಲ್ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲೇ ಬಯಲು ಮಾಡಿದ. ಹುರಿದ ಕಾಫಿಗೆ ಕಾಫಿಯ ವಾಸನೆ ಕೊಡುವ ಮುಖ್ಯ ಘಟಕಗಳಲ್ಲಿ ಒಂದರ ಹೆಸರು ಫರ್ಫ್ಯೂರಿಲ್‌ಥಯೋಲ್. ಅದು ಒಂದು ತೊಟ್ಟೂ ಕಾಫಿ ಹಾಕದ ಕಪ್ಪು ಬಿಯರಿನಲ್ಲಿಯೂ ಇದೆ. ಇನ್ನೊಂದು ಕಡೆಯೂ ಇದೆ, ಅದು ನನ್ನ ವಾದಕ್ಕೆ ಪುಷ್ಟಿ: ಹುರಿದ ಎಳ್ಳಿನಲ್ಲಿ. ಅಂದರೆ ಸಂಕ್ರಾಂತಿಯ ಮುಂದೆ ಬಾಣಲೆಯಲ್ಲಿ ಎಳ್ಳು ಚಟಪಟ ಅನ್ನುವಾಗ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹಂಚಿನ ಮೇಲೆ ಕಾಯುವಾಗ, ಹಾರೂಗೇರಿಯ ಓಣಿ ಓಣಿಯಲ್ಲಿ ಕಾಫಿಯ ಜೀವಾಳ ಹಾರಾಡುತ್ತಿರುತ್ತದೆ. ಯಾರಾದರೂ "ಆಹಾ, ಕಾಫಿ" ಅಂದದ್ದುಂಟೇ? ಅನ್ನುವುದಿಲ್ಲ, ಏಕೆಂದರೆ ಅಲ್ಲಿ ಹಲಗೆ ಇಲ್ಲ. ಎದುರಿಗೆ ಎಳ್ಳು ಕಾಣುತ್ತದೆ, ಮೂಗು ಎಳ್ಳು ಅನ್ನುತ್ತದೆ. ಹೀಗಿರುವಾಗ ಸ್ಟೌಟಿಗೆ ಮತ್ತೆ ಕಾಫಿ ಸುರಿಯುವುದು ಕಬ್ಬಿನ ಹಾಲಿಗೆ ಬೆಲ್ಲ ಕದಡಿದ ಹಾಗೆ. ಕದಡಿದವರಿಗೆ ಬೆಲ್ಲದ ದುಡ್ಡು ಬರುತ್ತದೆ ಎಂಬುದು ಬೇರೆ ಮಾತು.

ಕಾಫಿಯ ಕಟ್ಟಾ ಭಕ್ತರು ಇಲ್ಲಿ ಎದ್ದು ನಿಲ್ಲುತ್ತಾರೆ: ನಮ್ಮ ನಾಲಗೆಗೆ ನಿಜವಾದ ಕಾಫಿ ಯಾವುದು, ಜವೆಗೋಧಿ ಯಾವುದು ಎಂದು ಗೊತ್ತಾಗುವುದಿಲ್ಲವೇ? ಅವರನ್ನು ವಿನಯದಿಂದ ಒಂದೇ ಪ್ರಶ್ನೆ ಕೇಳಬೇಕು: ಸ್ವಾಮಿ, ಯಾವ ನಿಜವಾದ ಕಾಫಿ? ಬೆಂಗಳೂರು ಮೈಸೂರಿನವರು ತಲೆಮಾರುಗಳಿಂದ ಕಣ್ಣುಮುಚ್ಚಿ ಚಪ್ಪರಿಸುವ ಫಿಲ್ಟರ್ ಕಾಫಿಯ ಪುಡಿಯಲ್ಲಿ ಚಿಕೋರಿ ನೂರಕ್ಕೆ 49ರ ತನಕ ಇರಬಹುದೆಂದು ಕಾನೂನೇ ಒಪ್ಪುತ್ತದೆ. ಚಿಕೋರಿ ಅಂದರೆ ಹುರಿದ ಬೇರು. ಒಂದು ಗಿಡದ ಬೇರನ್ನು ಅರ್ಧಕ್ಕರ್ಧ ಕುಡಿದು "ಕಾಫಿ ಅಂದ್ರೆ ಇದು" ಎನ್ನುವ ನಾಲಗೆ, ಬೇರಿಲ್ಲದ ಶುದ್ಧ ಕಾಫಿ ಹಾಕಿದ ಬಿಯರನ್ನು ಬಾಯಿಗಿಟ್ಟರೆ ನ್ಯಾಯವಾಗಿ "ಇದರಲ್ಲಿ ಕಾಫಿ ಇಲ್ಲವಲ್ಲ" ಅನ್ನಬೇಕು. ಆದರೂ "ಕಾಫಿ ಇದೆ, ಘಮ್ಮೆನ್ನುತ್ತದೆ" ಅನ್ನುತ್ತದೆ. ನಾಲಗೆಯನ್ನು ಅಷ್ಟು ದಾಕ್ಷಿಣ್ಯಕ್ಕೆ ಸಿಕ್ಕಿಸಿದ್ದು ಯಾರು? ಇದಕ್ಕೆ ಫ್ರಾನ್ಸಿನ ಬೋರ್ಡೊದಲ್ಲಿ ಒಂದು ಪ್ರಯೋಗವೇ ಆಗಿದೆ, 2001ರಲ್ಲಿ ಅಚ್ಚಾಗಿದೆ. ವೈನ್ ತಯಾರಿಕೆಯನ್ನೇ ಕಲಿಯುತ್ತಿದ್ದ 54 ಮಂದಿ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಬಣ್ಣ ಹಾಕುವ ಮೊದಲು ಬಿಳಿ ವೈನಿಗೆ ಹೇಳುವ ಮಾತುಗಳನ್ನೇ ಅದಕ್ಕೆ ಹೇಳಿದ್ದವರು, ಬಣ್ಣ ಬಿದ್ದದ್ದೇ ತಡ ಕೆಂಪು ವೈನಿಗೆ ಹೇಳುವ ವಿಶೇಷಣಗಳನ್ನೆಲ್ಲ ಧಾರಾಳವಾಗಿ ಧಾರೆ ಎರೆದರು. ಕಲಿತವರ ಮೂಗೇ ಕಣ್ಣಿನ ಮಾತು ಕೇಳುವಾಗ, ಶನಿವಾರ ರಾತ್ರಿ ಎಂಟೂವರೆಗೆ ನಾಲ್ಕು ಗೆಳೆಯರ ನಡುವೆ ಕೂತವನ ಮೂಗು ಹಲಗೆಯ ಮಾತು ಕೇಳದಿರುತ್ತದೆಯೇ?

ಆ ಹಲಗೆಯ ಭಾಷೆಯನ್ನಂತೂ ಬಿಡಿಸಿಯೇ ನೋಡಬೇಕು. "ಮೊದಲ ಗುಟುಕಿಗೆ ಡಾರ್ಕ್ ಚಾಕೊಲೇಟ್, ನಡುವೆ ಎಸ್‌ಪ್ರೆಸೊ, ಕೊನೆಗೆ ಕಾಕಂಬಿಯ ಛಾಯೆ" ಎಂದು ಬರೆದಿರುತ್ತದೆ. ನಮ್ಮ ಕಡೆ ಅಡಿಗೆಮನೆಯಲ್ಲಿ "ತಳಾ ಹತ್ತೇತಿ" ಅಂದರೆ ಮನೆಯಲ್ಲಿ ಒಂದು ಹೊತ್ತಿನ ಜಗಳ. ಅದೇ ಬೆಂಗಳೂರಿನಲ್ಲಿ ರೋಸ್ಟ್ ನೋಟ್. ಅದಕ್ಕೆ ದುಡ್ಡು ಕೊಟ್ಟು ಟಿಪ್ಸ್ ಕೂಡ ಇಡುತ್ತಾರೆ. ಕಾಕಂಬಿಯ ಛಾಯೆಯ ಮಾತು ಬಂದರೆ ಹಾರೂಗೇರಿಯ ಸುತ್ತಲಿನವರು ಜಗತ್ತಿಗೇ ಪಾಠ ಹೇಳಬಲ್ಲರು. ಕಬ್ಬು ನುರಿಸುವ ಹಂಗಾಮಿನಲ್ಲಿ ಗಾಳಿ ಕಾರ್ಖಾನೆಯ ಕಡೆಯಿಂದ ಬೀಸಿದರೆ ಛಾಯೆ ಮಾತ್ರವಲ್ಲ, ಸಾಕ್ಷಾತ್ ಕಾಕಂಬಿಯೇ ಕಿಟಕಿಯೊಳಗೆ ಕಾಲಿಡುತ್ತದೆ. ಇಲ್ಲಿನವರು ಅದಕ್ಕೆ ಕಿಟಕಿ ಹಾಕಿಕೊಳ್ಳುತ್ತಾರೆ. ಅಲ್ಲಿನವರು ಗ್ಲಾಸು ಎತ್ತಿ ಮೂಗಿಗೆ ಹಿಡಿಯುತ್ತಾರೆ. ರುಚಿ ಒಂದೇ, ಬರೆದ ಹಲಗೆ ಬೇರೆ.

ಇದೆಲ್ಲ ಶಹರದ ಮಂದಿಯ ಶೋಕಿ ಎಂದು ತಳ್ಳಿಹಾಕಬಹುದು. ಆದರೆ ಹೆಸರು ಯಾರ ಕೈಯಲ್ಲಿದೆಯೋ ಬೆಲೆ ಅವರ ಕೈಯಲ್ಲಿದೆ ಎಂಬುದನ್ನು ಈ ಸೀಮೆಗೆ ಬಿಯರ್ ಬಂದು ಕಲಿಸಬೇಕಿಲ್ಲ. ಅಥಣಿಯ ಕಡೆ ಕೈಯಾರೆ ಹೊಲಿದ ಚಪ್ಪಲಿ ಲೋಕಕ್ಕೆಲ್ಲ ಕೊಲ್ಹಾಪುರಿ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಸಿಕ್ಕಿತು, ಹೆಸರು ಮಾತ್ರ ಕೊಲ್ಹಾಪುರದ್ದೇ ಉಳಿಯಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಅದೇ ಚಪ್ಪಲಿಯನ್ನು ಹೋಲುವುದನ್ನು ತೊಡಿಸಿ ನಡೆಸಿದಾಗ ಮೊದಲಿಗೆ ಆ ಹೆಸರನ್ನೂ ಹೇಳಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಇಲ್ಲೇ ಮಗ್ಗುಲಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೊಡಿರೆಂದು ರಸ್ತೆಯ ಮೇಲೆ ಹಗಲು ರಾತ್ರಿ ಕೂತಿದ್ದರು. ಕೊನೆಗೆ ಸರ್ಕಾರ 3,300ಕ್ಕೆ ನಿಲ್ಲಿಸಿತು. ಕಬ್ಬಿನ ಸಿಹಿಗೆ ಯಾರೂ ಹಲಗೆಯ ಮೇಲೆ ವರ್ಣನೆ ಬರೆಯುವುದಿಲ್ಲ. ಅದಕ್ಕಿರುವುದು ರಿಕವರಿ, ಅಂದರೆ ನೂರು ಪಾಲು ಕಬ್ಬಿಗೆ ಎಷ್ಟು ಪಾಲು ಸಕ್ಕರೆ ಇಳಿಯಿತು ಎಂಬ ಒಂದೇ ಒಂದು ಅಂಕಿ, ಬೆಲೆ ಕಟ್ಟಲು ನೂರಕ್ಕೆ 10.25 ಎಂಬ ಒಂದು ಗೆರೆ. ಆ ಅಂಕಿಯನ್ನು ಅಳೆಯುವವರು ಬೆಳೆದವರಲ್ಲ, ಕೊಳ್ಳುವವರು. ಚಾಕೊಲೇಟ್ ಛಾಯೆ ಇದೆಯೋ ಇಲ್ಲವೋ ಎಂದು ಮೂವತ್ತು ನಿಮಿಷ ಚರ್ಚಿಸುವ ಪುರುಸೊತ್ತು ಇರುವ ನಾಡಿನಲ್ಲಿ ಇದನ್ನು ನೆನೆದರೆ ನಗು ಸ್ವಲ್ಪ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇರಲಿ, ಬಿಯರಿಗೆ ಬರೋಣ, ಅದು ಬಿಸಿಯಾದರೆ ಕೆಡುತ್ತದಂತೆ.

ಇಲ್ಲಿಯ ತನಕ ನನ್ನ ವಾದ ಮಳೆಗಾಲದ ಕೃಷ್ಣೆಯ ಹಾಗೆ ದಡ ತುಂಬಿ ಹರಿಯಿತು. ಈಗ ಅದಕ್ಕೆ ಅಡ್ಡ ಬರುವುದು ಒಂದು ಡಬ್ಬು ಮೆಣಸಿನಕಾಯಿ. ಕಾಫಿ ಬಿಯರ್ ಮಾಡುವವರು ತಮ್ಮೊಳಗೆ ಮೆಲ್ಲಗೆ ಮಾತಾಡಿಕೊಳ್ಳುವ ಒಂದು ಕಷ್ಟವಿದೆ. ಬಂಗಾರದ ಬಣ್ಣದ ತಿಳಿ ಬಿಯರಿಗೆ ಕಡಿಮೆ ಹುರಿದ ಕಾಫಿ ಹಾಕಿದರೆ, ಕೆಲವು ಸಲ ಅದು ಕಾಫಿಯ ವಾಸನೆ ಬಿಟ್ಟು ಹಸಿ ಡಬ್ಬು ಮೆಣಸಿನಕಾಯಿಯ ವಾಸನೆ ಹೊಡೆಯತೊಡಗುತ್ತದೆ. ಕಾರಣವೂ ಇಲ್ಲದಿಲ್ಲ: ಮೆಥಾಕ್ಸಿಪೈರಜೀನ್ ಎಂಬ ಬಳಗದ ಒಂದು ಘಟಕ ಹಸಿರು ಕಾಫಿ ಬೀಜದಲ್ಲಿಯೂ ಉಂಟು, ಡಬ್ಬು ಮೆಣಸಿನಕಾಯಿಯಲ್ಲಿಯೂ ಉಂಟು. ಈ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ಕಣ್ಣ ಮುಂದೆ ತಂದುಕೊಳ್ಳಿ. ಹಲಗೆಯ ಮೇಲೆ ಚಿಕ್ಕಮಗಳೂರಿನ ಕಾಫಿತೋಟ, ಅದರ ಎತ್ತರ, ಬೀಜ ಒಣಗಿಸಿದ ರೀತಿ, ಎಲ್ಲ ಬರೆದಿದೆ. ದೀಪ ಮಂದವಾಗಿದೆ. ಕುಡಿಯುವವನು ಗ್ಲಾಸನ್ನು ಕೊರಳು ಹಿಡಿದು ಆಡಿಸುತ್ತಾನೆ, ಕಣ್ಣು ಮುಚ್ಚುತ್ತಾನೆ, ಮಲೆನಾಡಿನ ಮಂಜನ್ನೂ ಮಳೆಯನ್ನೂ ಬರಮಾಡಿಕೊಳ್ಳಲು ಮೂಗಿನ ಎರಡೂ ಬಾಗಿಲು ತೆರೆಯುತ್ತಾನೆ. ಒಳಗೆ ಬರುವುದು ಸಂತೆಯ ಕಾಯಿಪಲ್ಲೆಯ ಸಾಲು. ಗೋಣಿತಾಟಿನ ಮೇಲೆ ಹಸಿರಾಗಿ ಹೊಳೆಯುತ್ತ, ತೊಟ್ಟು ಮೇಲೆ ಮಾಡಿ, ಕಿಲೋ ಲೆಕ್ಕದಲ್ಲಿ ಕೂತಿರುವ ಡಬ್ಬು ಮೆಣಸಿನಕಾಯಿ. ಅವನು ಕಣ್ಣು ತೆರೆದು ಹಲಗೆ ನೋಡುತ್ತಾನೆ. ಅಲ್ಲಿ ಕಾಫಿ ಎಂದಿದೆ. ಮತ್ತೆ ಮೂಸುತ್ತಾನೆ. ಡಬ್ಬು ಮೆಣಸಿನಕಾಯಿ ಜಾಗ ಬಿಟ್ಟು ಕದಲಿಲ್ಲ. ಕಡಲೆಹಿಟ್ಟು ಹಚ್ಚಿ ಒಗ್ಗರಣೆ ಕೊಟ್ಟರೆ ಒಂದು ಹೊತ್ತಿನ ಪಲ್ಲೆ ಆಗುತ್ತಿತ್ತು ಎಂಬ ಯೋಚನೆಯೂ ಬರುತ್ತದೆ. ಜೊತೆಗಿರುವವರ ಮುಂದೆ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಇವನಿಗೆ ರುಚಿಯ ಸಂಸ್ಕಾರವಿಲ್ಲ ಎನ್ನುತ್ತಾರೆ. ಅವರ ಗ್ಲಾಸಿನಲ್ಲಿಯೂ ಅದೇ ಮೆಣಸಿನಕಾಯಿ, ಅವರ ಬಾಯಿಗೂ ಅದೇ ಬೀಗ. ಕೊನೆಗೆ ಒಬ್ಬ ಗಂಟಲು ಸರಿಮಾಡಿಕೊಂಡು "ಏನೋ ಒಂದು ಹಸಿರು ಛಾಯೆ" ಅನ್ನುತ್ತಾನೆ. ಎಲ್ಲರೂ ಬಿಡುಗಡೆಯಾದವರಂತೆ ತಲೆ ಆಡಿಸುತ್ತಾರೆ. ಹಾರೂಗೇರಿಯವನೊಬ್ಬ ಆ ಮೇಜಿನಲ್ಲಿದ್ದಿದ್ದರೆ "ಇದೇನಪಾ, ಡಬ್ಬು ಮೆಣಸಿನಕಾಯಿ ನಾರತೈತಲಾ" ಎಂದು ಮೊದಲ ಗುಟುಕಿಗೇ ಮುಗಿಸಿಬಿಡುತ್ತಿದ್ದ.

ತೊಂದರೆ ಏನೆಂದರೆ, ಈ ದೃಶ್ಯವನ್ನು ಇಷ್ಟು ಅಕ್ಕರೆಯಿಂದ ಬೆಳೆಸಿದ ಮೇಲೆ ನನ್ನ ವಾದ ನಿಲ್ಲುವುದಿಲ್ಲ. ಹಲಗೆಯ ಮೇಲೆ ಯಾರೂ ಮೆಣಸಿನಕಾಯಿ ಎಂದು ಬರೆದಿರಲಿಲ್ಲ, ಬಣ್ಣವೂ ಅದರದಲ್ಲ, ಆದರೂ ಮೂಗು ಅದನ್ನು ಹಿಡಿಯಿತು. ಅಂದ ಮೇಲೆ ರುಚಿ ಗ್ಲಾಸಿನಲ್ಲಿ ಇದ್ದೇ ಇದೆ. ಎದುರುವಾದಿ ಇದನ್ನು ಎತ್ತಿದರೆ ನಾನು ಎಳ್ಳಿನ ಹಿಂದೆಯೋ ಚಿಕೋರಿಯ ಹಿಂದೆಯೋ ಅಡಗಲಾರೆ. ಆದ್ದರಿಂದ ವಾದವನ್ನು ಪೂರ್ತಿ ಬಿಡದೆ ಒಂದು ತಿದ್ದುಪಡಿ ಮಾಡಿಕೊಳ್ಳುತ್ತೇನೆ: ಒಳ್ಳೆಯ ರುಚಿಗಳು ಹಲಗೆಯಿಂದ ಬರುತ್ತವೆ, ಕೆಟ್ಟವು ಗ್ಲಾಸಿನಿಂದ. ಇದು ಸೋತವನ ತಿದ್ದುಪಡಿ ಎಂದು ಕೆಲವರಿಗೆ ಅನ್ನಿಸಬಹುದು. ಹಾಗನ್ನಿಸಿದವರು ಬಾಣಲೆಯಲ್ಲಿ ಜವೆಗೋಧಿಯನ್ನು ಕಪ್ಪಗಾಗುವಂತೆ ಹುರಿದು, ಪುಡಿ ಮಾಡಿ, ಕುದಿಸಿ, ಸೋಸಿ, ಮನೆಗೆ ಬಂದ ಬೀಗರಿಗೆ ಬೆಲ್ಲ ಹಾಕಿ ಕೊಡಲಿ. ಒಂದು ಲೋಟ "ಕಾಫಿ ರೀ" ಎಂದು, ಇನ್ನೊಂದು ಲೋಟ "ಜವೆಗೋಧಿ ಕಷಾಯ ರೀ" ಎಂದು. ಯಾವ ಲೋಟ ಖಾಲಿಯಾಗಿ ಬರುತ್ತದೆ ನೋಡಲಿ. ಎರಡನ್ನೂ ಪಕ್ಕಕ್ಕಿಟ್ಟು "ಚಾ ಇಲ್ಲೇನ್ರಿ?" ಎಂದು ಕೇಳುವ ಬೀಗರು ನಮ್ಮ ಕಡೆಯವರೆಂದು ತಿಳಿದುಕೊಳ್ಳಬೇಕು.