ಊಟ ಹಾಕಿ, ಸಹಿ ಹಾಕಬೇಡಿ

ಹೆಂಡತಿಯ ಮೊದಲ ಮದುವೆಯ ಮಗುವನ್ನು ಸಾಕುತ್ತಿರುವ ಗಂಡಸರಿಗೆ ಒಂದು ಸಂತೋಷದ ಸುದ್ದಿ. ಮಗುವಿನ ಶಾಲೆಯ ಫೀಸು ನೀವು ಕಟ್ಟಬಹುದು. ಯಾವ ಕಾನೂನೂ ತಡೆಯುವುದಿಲ್ಲ. ಜ್ವರ ಬಂದರೆ ರಾತ್ರಿಯಿಡೀ ಹಣೆಗೆ ಒದ್ದೆಬಟ್ಟೆ ಹಾಕಬಹುದು. ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಬಿಟ್ಟು ಬರಬಹುದು. ‘ತಂದೆಯ ಸಹಿ’ ಎಂಬ ಗೆರೆ ಬಂದಾಗ ಮಾತ್ರ ಪೆನ್ನು ಕೆಳಗಿಡಿ.

ಏಕೆಂದರೆ ನೀವು ತಂದೆಯಲ್ಲ. ಹಿಂದೂಗಳ ಅಪ್ರಾಪ್ತ ಮಕ್ಕಳ ಪಾಲಕತ್ವದ ಕಾಯ್ದೆ 1956ರಲ್ಲೇ ಇದನ್ನು ಇತ್ಯರ್ಥ ಮಾಡಿದೆ. 6ನೇ ಸೆಕ್ಷನ್ ಓದಿ. ಸಹಜ ಪಾಲಕರ ಪಟ್ಟಿಯಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲ ಎಂದು ಪ್ರತ್ಯೇಕವಾಗಿ ಬರೆದಿದ್ದಾರೆ. ಯಾರಾದರೂ ತಪ್ಪಿ ಸೇರಿಸಿಬಿಟ್ಟಾರು ಎಂಬ ಭಯ.

ಸರಿ, ಹುಡುಗ ಬೆಳೆದ. ಕೆಲಸಕ್ಕೆ ಸೇರಿದ. ನಿಮಗೆ ಮಂಡಿನೋವು ಬಂತು. ಈಗ ಕಾನೂನಿಗೆ ಜ್ಞಾನೋದಯ. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ‘ಪೋಷಕರು’ ಎಂದರೆ ಮಲತಂದೆ, ಮಲತಾಯಿಯೂ ಹೌದು!

ಮಗುವಿಗೆ ನೀವು ಬೇಕಾಗಿದ್ದಾಗ ನೀವು ಯಾರೂ ಅಲ್ಲ. ನಿಮ್ಮ ಮಾತ್ರೆಯ ಖರ್ಚು ಸರ್ಕಾರದ ತಲೆಗೆ ಬರುವಂತಿದ್ದಾಗ ನೀವು ಸಾಕ್ಷಾತ್ ಅಪ್ಪ. ಕರುಳಿನ ಸಂಬಂಧ ಎನ್ನುತ್ತಾರಲ್ಲ, ಅದು ಖಜಾನೆಯ ಸಂಬಂಧ.

ದತ್ತು ತೆಗೆದುಕೊಳ್ಳಿ ಎನ್ನುತ್ತಾರೆ ವಕೀಲರು. ಖಂಡಿತ. ಹೆತ್ತ ತಂದೆಯ ಒಪ್ಪಿಗೆ ತನ್ನಿ.

ಯಾವ ತಂದೆ? ಮಗುವಿಗೆ ಹಲ್ಲು ಬರುವ ಮುಂಚೆ ಓಡಿಹೋದವನು. ಇಲ್ಲಿಯವರೆಗೆ ಒಂದು ಲೋಟ ಹಾಲಿನ ಕಾಸೂ ಕೊಡದವನು. ಅವನ ಒಪ್ಪಿಗೆ ಬೇಡವಾಗುವುದು ಯಾವಾಗ ಎಂದು ಹಿಂದೂ ದತ್ತಕ ಕಾಯ್ದೆ ಪಟ್ಟಿ ಕೊಟ್ಟಿದೆ. ಅವನು ಪೂರ್ತಿಯಾಗಿ ಸಂನ್ಯಾಸಿಯಾಗಿರಬೇಕು. ಇಲ್ಲವೇ ಹಿಂದೂ ಧರ್ಮ ಬಿಟ್ಟಿರಬೇಕು. ಇಲ್ಲವೇ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಕೋರ್ಟು ಹೇಳಿರಬೇಕು. ಬೇಜವಾಬ್ದಾರಿ ಪಟ್ಟಿಯಲ್ಲಿಲ್ಲ. ಕಾವಿ ಉಟ್ಟು ಓಡಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ಬಾಲ ನ್ಯಾಯ ಕಾಯ್ದೆಯ ದಾರಿ ಹಿಡಿದರೂ ಒಪ್ಪಿಗೆಯ ಕಾಗದ ತಪ್ಪದು. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವವರು ಕೋರ್ಟಿನವರಲ್ಲ, ಜಿಲ್ಲಾಧಿಕಾರಿ. ಬರ, ನೆರೆ, ಚುನಾವಣೆ ಮುಗಿದ ಮೇಲೆ ನಿಮ್ಮ ಫೈಲು.

ದತ್ತು ಬೇಡ, ಪಾಲಕನಾದರೆ ಸಾಕು ಎನ್ನುವಿರಾ? ಬ್ರಿಟಿಷರ 1890ರ ಕಾಯ್ದೆ ಇದೆ. ಕೋರ್ಟಿಗೆ ಅರ್ಜಿ ಹಾಕಿ. ಓಡಿಹೋದವನಿಗೂ ನೋಟಿಸ್ ಹೋಗುತ್ತದೆ. ತೀರ್ಪು ಬರುವಷ್ಟರಲ್ಲಿ ಹುಡುಗನಿಗೆ ಮೀಸೆ ಮೂಡಿರುತ್ತದೆ.

ಆಸ್ತಿಯ ಮಾತು ಎತ್ತಲೇಬೇಡಿ. ಉಯಿಲು ಬರೆಯದೆ, ದತ್ತು ಪಡೆಯದೆ ನೀವು ಕಣ್ಮುಚ್ಚಿದರೆ ನಿಮ್ಮ ಮನೆಯಲ್ಲಿ ಬೆಳೆದ ಮಗುವಿಗೆ ನಿಮ್ಮ ಮಗುವೆಂಬ ಪಾಲು ಇಲ್ಲ.

ಹೈಕೋರ್ಟುಗಳೂ ಕಡಿಮೆಯಿಲ್ಲ. ತಂದೆ ತೀರಿಕೊಂಡ ಒಂದು ಮಗುವಿನ ದಾಖಲೆಗಳಲ್ಲಿ ತಾಯಿಯ ಈಗಿನ ಗಂಡನನ್ನು ‘ಮಲತಂದೆ’ ಎಂದು ನಮೂದಿಸಬೇಕೆಂದು ಆಂಧ್ರದ ಹೈಕೋರ್ಟ್ ಹೇಳಿತ್ತು. ಮಗು ಪ್ರತಿ ಅರ್ಜಿಯಲ್ಲೂ ಅದನ್ನು ಹೊತ್ತು ತಿರುಗಲಿ ಎಂದು. ಇದು ಹೆಚ್ಚುಕಡಿಮೆ ಕ್ರೌರ್ಯ ಎಂದು ಬೈದು ಬದಿಗೆ ಸರಿಸಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಇನ್ನು ಮಲತಾಯಿ. ವಿಧಾನಸೌಧದಲ್ಲಿ ಅನುದಾನ ತಡವಾದರೆ ಸಾಕು, ‘ಮಲತಾಯಿ ಧೋರಣೆ’ ಎಂದು ಬೊಬ್ಬೆ. ಮನೆಯೊಳಗೆ ಸವತಿಯ ಮಗುವಿಗೆ ತಲೆ ಬಾಚಿ ಕಳಿಸುವ ಹೆಂಗಸಿನ ಹಕ್ಕಿನ ಬಗ್ಗೆ ಅದೇ ಸದನದಲ್ಲಿ ಯಾರಾದರೂ ಬೊಬ್ಬೆ ಹೊಡೆದದ್ದುಂಟೇ?

ಆಕೆಗೂ ಒಂದು ದಾರಿ ಇದೆಯಂತೆ. ಮೊದಲ ಹೆಂಡತಿ ತೀರಿಕೊಂಡಿದ್ದರೆ ಗಂಡ ಉಯಿಲು ಬರೆದು ಈಕೆಯನ್ನು ಮಗುವಿನ ಪಾಲಕಿಯನ್ನಾಗಿ ನೇಮಿಸಬಹುದು. ಉಯಿಲು ಜಾರಿಗೆ ಬರುವುದು ಬರೆದವನು ಸತ್ತ ಮೇಲೆ. ಅಂದರೆ ಈಕೆಯ ಸಹಿಗೆ ಬೆಲೆ ಬರಬೇಕಾದರೆ ಮೊದಲು ಗಂಡ ಸಾಯಬೇಕು.

ಆ ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಅದಕ್ಕೆ ರಕ್ತಸಂಬಂಧ ಯಾರೂ ಕೇಳುವುದಿಲ್ಲ. ಬೀದಿಯಲ್ಲಿ ಹೋಗುವವರನ್ನು ಕರೆದರೂ ನಡೆಯುತ್ತದೆ.